ಬಾಗಿಲ ಹೊರಗೆ ಹದಿನೈದು ನಿಮಿಷ

"ಏಟು ಎಣಸಾಕ ಕುಂತೀರೇನ್ರಿ?"

ಬಾಗಿಲಲ್ಲಿ ನಿಂತ ಗಂಡಸಿನ ದನಿಗೆ ಶ್ರೀರಂಜನಿ ತಿರುಗಿ ನೋಡಲಿಲ್ಲ. ಅವಳ ಎಡಗೈಯಲ್ಲಿ ಪುಟ್ಟ ದಿಂಬು, ಬಲಗೈಯಲ್ಲಿ ಎಣಿಕೆಯ ಯಂತ್ರ, ಮುಖ ಗೋಡೆಯ ಕಡೆಗೆ. ಪಕ್ಕದಲ್ಲಿ ಇಪ್ಪತ್ತಮೂರು ವರ್ಷದ ನೀಲಾ ತನ್ನ ಕೆನ್ನೆಗೆ ತಾನೇ ರಪರಪನೆ ಹೊಡೆದುಕೊಳ್ಳುತ್ತಿದ್ದಳು. ಪ್ರತಿ ಏಟಿಗೂ ದಿಂಬು ಅಡ್ಡ ಬರುತ್ತಿತ್ತು, ಯಂತ್ರ ಟಕ್ ಎನ್ನುತ್ತಿತ್ತು.

"ಹೌದ್ರೀ," ಎಂದಳು ಗೋಡೆಗೇ. "ನಲವತ್ತೊಂದು. ನೀವು ಮಾತಾಡೋದ್ರಾಗ ಎರಡು ತಪ್ಪಿದ್ವು."

"ಆಕಿ ನನ್ನ ತಂಗಿ. ಮಾರಿ ತಿರುವಿ ಕುಂತೀರಲ್ಲ, ಎದಿಯೋ ಕಲ್ಲೋ ನಿಮ್ಮದು?"

ಅವನು ಶಂಕರಲಿಂಗ, ಬಂದರಿನಲ್ಲಿ ಕ್ರೇನ್ ನಡೆಸುವವನು. ಹತ್ತಾರು ಟನ್ ಸರಕನ್ನು ಸದ್ದಿಲ್ಲದೆ ನೆಲಕ್ಕಿಳಿಸಬಲ್ಲವನಿಗೆ ಸ್ವಂತ ದನಿಯನ್ನು ಇಳಿಸಲು ಮಾತ್ರ ಬರುತ್ತಿರಲಿಲ್ಲ.

'ಅಳಬಾರದು… ಇವನ ಮುಂದಂತೂ ಅಳಬಾರದು,' ಎಂದುಕೊಂಡು ಶ್ರೀರಂಜನಿ ಇನ್ನೊಂದು ಏಟನ್ನು ಎಣಿಸಿದಳು.

ಧಾರವಾಡದ ಹುಡುಗಿ. ವರ್ತನಾ ಚಿಕಿತ್ಸೆ ಕಲಿತು, ಗೋವಾದ ವಾಸ್ಕೋದ ಈ ಹಗಲು ಆರೈಕೆ ಕೇಂದ್ರಕ್ಕೆ ಬಂದು ಎರಡು ವರ್ಷವಾಗಿತ್ತು. ನೀಲಾಗೆ ಮಾತು ಬಾರದು. ಹೊಡೆದುಕೊಂಡರೆ ಎಲ್ಲರೂ ಓಡಿಬರುತ್ತಾರೆ, ಅದಕ್ಕೇ ಹೊಡೆದುಕೊಳ್ಳುತ್ತಾಳೆ. ಓಡಿಬರುವುದು ನಿಂತರೆ ಏಟೂ ನಿಲ್ಲುತ್ತದೆ. ಇದು ಶ್ರೀರಂಜನಿಯ ಲೆಕ್ಕ.

ಕೇಂದ್ರ ನಡೆಸುವ ಮರಿಯಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. "ಆರು ವಾರ ನೋಡುವಾ, ಬಾಬಾ. ಕಡಿಮೆ ಆಗದಿದ್ರೆ ನನಗೆ ನೀಲಾಳನ್ನು ಇಟ್ಟುಕೊಳ್ಳಲಿಕ್ಕೆ ಆಗುದಿಲ್ಲ. ಕಣ್ಣಿಗೆ ಏಟು ಬಿದ್ರೆ ಯಾರು ಉತ್ತರ ಕೊಡುದು?"

ಇಟ್ಟುಕೊಳ್ಳದಿದ್ದರೆ ಏನಾಗುತ್ತದೆ ಎಂಬುದು ಮರುದಿನ ಶ್ರೀರಂಜನಿ ಸಡಾ ಗುಡ್ಡದ ಮೇಲಿನ ನೀಲಾಳ ಮನೆಗೆ ಹೋದಾಗ ಕಾಣಿಸಿತು. ನೀಲಾಳ ಎರಡೂ ಕೈಗಳನ್ನು ಹಳೆಯ ಇಳಕಲ್ ಸೀರೆಯ ಅಂಚಿನಿಂದ ಕಟ್ಟಿ, ಚಾಪೆಯ ಮೇಲೆ ಕೂರಿಸಿದ್ದರು.

"ಬಿಗಿ ಕಟ್ಟಿಲ್ಲವ್ವ," ಎಂದಳು ತಾಯಿ ಭಾಗವ್ವ, ಯಾರೂ ಕೇಳುವ ಮೊದಲೇ. "ಮೆತ್ತಗ ಕಟ್ಟೇನಿ. ಇಲ್ಲಂದ್ರ ಕಣ್ಣ ಕಳಕೊಂತಾಳ."

ಶ್ರೀರಂಜನಿ ಆ ಅಂಚನ್ನೇ ನೋಡಿದಳು. ಕೆಂಪು ದಡಿ. ತೊಳೆದು ತೊಳೆದು ಮಾಸಿತ್ತು.

"ಆರು ವಾರದಾಗ ಇದನ್ನ ಬಿಚ್ಚಿಸ್ತೇನ್ರಿ ಅವ್ವಾ."

"ಗ್ವಾಡಿ ನೋಡಿಕೋತನಾ?" ಎಂದ ಶಂಕರಲಿಂಗ.

ಅವಳು ಅವನ ಕೈಗೆ ಒಂದು ಹಾಳೆ ಕೊಟ್ಟಳು. ಎಷ್ಟು ಹೊತ್ತಿಗೆ, ಎಷ್ಟು ಏಟು, ಅದಕ್ಕೆ ಮುಂಚೆ ಏನಾಯಿತು. ಮೂರೇ ಅಂಕಣ. "ಬಯ್ಯೋದು ಮುಗದ ಮ್ಯಾಲೆ ಇದನ್ನ ತುಂಬ್ರಿ."

ಎರಡು ವಾರ ಕಳೆಯಿತು. ನಲವತ್ತು ಏಟು ಅರವತ್ತಾಯಿತು. ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ ಎಂದು ಪುಸ್ತಕ ಹೇಳಿತ್ತು. ನೀಲಾ ಪುಸ್ತಕ ಓದಿರಲಿಲ್ಲ.

ಮೂರನೆಯ ಸೋಮವಾರ ಶಂಕರಲಿಂಗ ಹಾಳೆಗಳನ್ನು ತಂದು ಮೇಜಿನ ಮೇಲಿಟ್ಟ. ಕ್ರೇನಿನ ದಿನಚರಿ ಬರೆದು ಪಳಗಿದ ಕೈ. ಒಂದು ಸಾಲೂ ಖಾಲಿ ಇರಲಿಲ್ಲ. 'ಮುಂಜಾನೆ ೫.೪೦. ನಾನು ಬೂಟು ಹಾಕಿಕೊಂಡೆ. ಹನ್ನೊಂದು.' 'ಮಧ್ಯಾಹ್ನ ೨.೧೦. ಅವ್ವ ಚೀಲ ತಗೊಂಡಳು. ಹದಿನಾಲ್ಕು.' 'ಸಂಜೆ ೬.೦೦. ಬಾಜೂಮನಿ ಗಂಗಪ್ಪ ಮಾತಾಡಿ ಎದ್ದ. ಏಳು.'

ಶ್ರೀರಂಜನಿ ಎರಡು ಸಲ ಓದಿದಳು. ಯಾರೋ ಬರಲಿ ಎಂದು ಹೊಡೆದುಕೊಳ್ಳುತ್ತಿರಲಿಲ್ಲ ನೀಲಾ… ಇದ್ದವರು ಹೋಗದಿರಲಿ ಎಂದು. ಅಂಥವಳ ಎದುರು ತಾನು ಎರಡು ವಾರ ಮುಖ ತಿರುವಿ ಕೂತಿದ್ದೆ!

"ನಾ ತಪ್ಪು ತಿಳಕೊಂಡಿದ್ದೆ," ಎಂದಳು.

ಶಂಕರಲಿಂಗ ಅವಳನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದ. "ಡಾಕ್ಟರ ಮಂದಿ ಹಿಂಗಂದದ್ದು ನಾ ಕೇಳಿಲ್ರಿ."

"ನಾ ಡಾಕ್ಟರ್ ಅಲ್ರೀ."

"ಹಂಗಾಗೇ ಅಂದ್ರಿ, ಬಿಡ್ರಿ."

ಅಂದು ಸಂಜೆಯೇ ಅವಳು ಭಾಗವ್ವನನ್ನು ಕೇಳಿದಳು. "ಅವ್ವಾ, ನೀವು ಹೊರಗ ಹೋಗುವಾಗ ನೀಲಾಗ ಹೇಳಿ ಹೋಗ್ತೀರೇನು?"

"ಯಪ್ಪಾ, ಹೇಳಿದ್ರ ಬಿಡ್ತಾಳೇನ? ಕಣ್ಣ ತಪ್ಪಿಸಿ ಹಿತ್ತಲ ಬಾಗಲಲೇ ಹೋಗೂದು. ಸಣ್ಣಾಕಿ ಇದ್ದಾಗಿಂದ ಹಂಗನ." ಭಾಗವ್ವ ಸೆರಗು ಸರಿಮಾಡಿಕೊಂಡಳು. "ಅವರಪ್ಪನ್ನ ಮಣ್ಣಿಗೆ ಒಯ್ಯುವಾಗೂ ಆಕಿನ್ನ ಬಾಜೂಮನ್ಯಾಗ ಕುಂಡ್ರಿಸಿದ್ವಿ… ನೋಡಿದ್ರ ತಡಕೊಳ್ಳಂಗಿಲ್ಲಂತ."

ಅಳಿಸಬಾರದೆಂಬ ಪ್ರೀತಿಯೇ ಆ ಮನೆಯ ಪದ್ಧತಿಯಾಗಿತ್ತು. ನೀಲಾಳ ಪಾಲಿಗೆ ಮಾತ್ರ ಮನುಷ್ಯರೆಂದರೆ ಯಾವಾಗ ಬೇಕಾದರೂ ಮಾಯವಾಗುವ ವಸ್ತು.

ಹೊಸ ಯೋಜನೆ ಸರಳವಾಗಿತ್ತು, ಸುಲಭವಾಗಿರಲಿಲ್ಲ. ಹೋಗುವವರು ನೀಲಾಳ ಎದುರು ಕೂತು, ಬೂಟು ತೋರಿಸಿ, ಕೈ ಹಿಡಿದು ಹೇಳಿಯೇ ಹೋಗಬೇಕು. ಹೋಗುವುದು ಬೇಡವೆನಿಸಿದರೆ ಅವಳು ಕೆನ್ನೆಗಲ್ಲ, ನೆಲಕ್ಕೆ ತಟ್ಟಬೇಕು. ತಟ್ಟಿದರೆ ಹೋಗುವವರು ಇನ್ನೆರಡು ನಿಮಿಷ ಕೂರಬೇಕು. ಆಮೇಲೆ ಹೊರಗೆ ಹೋಗಿ, ಹೇಳಿದಷ್ಟೇ ಹೊತ್ತಿಗೆ ಮರಳಬೇಕು. ಮೊದಲು ಒಂದು ನಿಮಿಷ, ನಂತರ ಎರಡು, ನಂತರ ಐದು.

ಹೀಗಾಗಿ ಕ್ರೇನ್ ನಡೆಸುವವನೂ ಚಿಕಿತ್ಸೆ ಮಾಡುವವಳೂ ಸಂಜೆಗೆ ಇಪ್ಪತ್ತು ಸಲ ಒಂದೇ ಬಾಗಿಲಿನಿಂದ ಹೊರಬಂದು, ಗೋಡೆಗೊರಗಿ ನಿಂತು, ಒಳಗೆ ಹೋಗತೊಡಗಿದರು.

"ಶಂಕರಲಿಂಗಾ, ಮನೀಗ ದಾರಿ ತಪ್ಪೇತೇನೋ?" ಎಂದ ಗಂಗಪ್ಪ ತನ್ನ ಕಟ್ಟೆಯಿಂದ.

"ಹೊರಗ ಹೋಗೂದು ಕಲ್ಯಾಕತ್ತೇನಿ, ಕಾಕಾ."

"ಇಬ್ಬರೂ ಕೂಡೇ ಕಲೀಬೇಕೇನು?"

ಒಂದು ನಿಮಿಷದಲ್ಲಿ ಬಿಸಿಲಿನ ಮಾತಷ್ಟೇ ಮುಗಿಯುತ್ತದೆ. ಐದು ನಿಮಿಷದಲ್ಲಿ ಅವನು ಕ್ರೇನಿನ ಮೇಲಿಂದ ಕಾಣುವ ಹಡಗುಗಳ ಬಗ್ಗೆ ಹೇಳಿದ, ಅವಳು ಬಾಡಿಗೆ ಕೋಣೆಯ ಒಂಟಿ ಊಟದ ಬಗ್ಗೆ ಹೇಳಿದಳು. ಹತ್ತು ನಿಮಿಷಕ್ಕೆ ಬರುವಷ್ಟರಲ್ಲಿ ಇಬ್ಬರೂ ಮಾತು ನಿಲ್ಲಿಸಿ ಸುಮ್ಮನೆ ನಿಲ್ಲುವುದನ್ನು ಕಲಿತಿದ್ದರು. ಅದೇ ಹೆಚ್ಚು ಅಪಾಯಕಾರಿ.

ನಾಲ್ಕನೆಯ ವಾರ ಏಟುಗಳು ಒಂಬತ್ತಕ್ಕೆ ಇಳಿದವು. ಭಾಗವ್ವ ಸೀರೆಯ ಅಂಚನ್ನು ಗೂಟಕ್ಕೆ ಹಾಕಿದಳು.

ಐದನೆಯ ವಾರ ಧಾರವಾಡದಿಂದ ಶ್ರೀರಂಜನಿಯ ತಾಯಿ ಗೋದಾಬಾಯಿಯ ಫೋನ್ ಬಂತು. "ಬೆಳಗಾವಿ ಹುಡುಗ, ಬ್ಯಾಂಕಿನ್ಯಾಗ ಇದ್ದಾನ. ಶನಿವಾರ ನೋಡ್ಲಿಕ್ಕೆ ಬರ್ತಾರ. ನೀ ಬರಲಿಕ್ಕೇಬೇಕು."

ಶಂಕರಲಿಂಗನಿಗೆ ಏನೆಂದು ಹೇಳುವುದು? ಅವನು ಏನೂ ಕೇಳಿರಲಿಲ್ಲ, ಇವಳು ಏನೂ ಹೇಳಿರಲಿಲ್ಲ. 'ಎರಡೇ ದಿನ… ಬಂದು ಹೇಳಿದರಾಯಿತು.' ಶುಕ್ರವಾರ ಅವನು ಕೆಲಸದಲ್ಲಿದ್ದಾಗ, ನೀಲಾ ನಿದ್ದೆ ಮಾಡುತ್ತಿದ್ದಾಗ, ಶ್ರೀರಂಜನಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಅವರ ಮನೆಯಿಂದ ಸದ್ದಿಲ್ಲದೆ ಹೊರಟುಹೋದಳು.

ಶನಿವಾರ ಅವಳು ಬೆಳಗಾವಿಯ ಹುಡುಗನಿಗೆ ಅವಲಕ್ಕಿಯ ತಟ್ಟೆ ಕೊಡುತ್ತಿದ್ದಾಗ ಮರಿಯಮ ಫೋನ್ ಮಾಡಿದರು. "ನೀ ಎಲ್ಲಿ ಹೋದಿ? ನೀಲಾ ನಿನ್ನೆಯಿಂದ ಬಾಗಿಲು ನೋಡಿ ಹೊಡಕೊಳ್ತಾ ಇದ್ದಾಳೆ. ತಾಯಿ ಮತ್ತೆ ಕೈ ಕಟ್ಟಿದ್ದಾರೆ."

ಶ್ರೀರಂಜನಿ ಮರಿಯಮಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಫೋನಿಟ್ಟು ಹುಡುಗನ ಎದುರು ಕೂತಳು. ಅವನಿಗೆ ಈ ಮದುವೆ ತನ್ನಿಂದ ಆಗುವುದಿಲ್ಲವೆಂದು, ತಪ್ಪು ಅವನದಲ್ಲವೆಂದು ಮೆಲ್ಲಗೆ ಹೇಳಿದಳು. ಅವನು ಒಳ್ಳೆಯವನು, ಅವಲಕ್ಕಿ ಚೆನ್ನಾಗಿದೆ ಎಂದ. ಗೋದಾಬಾಯಿ ತಲೆಯ ಮೇಲೆ ಕೈಹೊತ್ತರು. ಮಗಳು ಸಿಕ್ಕಿದ ಮೊದಲ ಬಸ್ಸು ಹತ್ತಿದಳು.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದವನು ಶಂಕರಲಿಂಗ.

"ಹುಡುಗ ಚಲೋ ಇದ್ದನೇನ್ರಿ?" ಅವನ ದನಿ ಈ ಸಲ ತಗ್ಗಿತ್ತು. ಅದು ಕೂಗಿಗಿಂತ ಕೆಟ್ಟದಾಗಿತ್ತು. "ಮರಿಯಮ ಬಾಯಿ ಎಲ್ಲಾ ಹೇಳಿದ್ರು. ನಮಗ ಹೇಳಿ ಹೋಗೂದು ಕಲಿಸಿದಾಕಿ, ಕಳ್ಳಬೆಕ್ಕಿನಂಗ ಹೋದ್ರಿ."

"ಹೌದು. ಬೈರಿ, ಆಮ್ಯಾಲೆ. ಮೊದಲು ಆಕಿ ಹತ್ರ ಬಿಡ್ರಿ."

ಅವಳು ನೀಲಾಳ ಎದುರು ಕೂತು ಗಂಟು ಬಿಚ್ಚಿದಳು. "ನಾ ಹೇಳದ ಹೋದೆ, ನೀಲಾ. ತಪ್ಪಾತು."

ಬಿಚ್ಚಿದ ಕೈ ಕೆನ್ನೆಗೆ ಬಿತ್ತು. ದಿಂಬು ಅಡ್ಡ ಬಂತು. ಹತ್ತು, ಇಪ್ಪತ್ತು… ಶ್ರೀರಂಜನಿ ಈ ಸಲ ಮುಖ ತಿರುಗಿಸಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ಆ ಕೈಯನ್ನು ಮೆಲ್ಲಗೆ ನೆಲಕ್ಕೆ ಮುಟ್ಟಿಸಿದಳು. ಮಧ್ಯಾಹ್ನವಾಯಿತು. ಭಾಗವ್ವ ಎರಡು ಸಲ ಅಂಚು ಕೈಗೆತ್ತಿಕೊಂಡಳು.

"ಬ್ಯಾಡ್ರಿ ಅವ್ವಾ. ಇವತ್ತು ಕಟ್ಟಿದ್ರ ನಾಳಿ ಬಿಚ್ಚಲಿಕ್ಕೆ ಆಗಂಗಿಲ್ಲ."

ಮೂರು ಗಂಟೆಯ ಹೊತ್ತಿಗೆ ನೀಲಾಳ ಕೈ ಮೇಲೆದ್ದು, ಗಾಳಿಯಲ್ಲಿ ಒಂದು ಕ್ಷಣ ತಡೆದು, ನೆಲಕ್ಕೆ ಬಿತ್ತು. ತಟ್. ಇನ್ನೊಮ್ಮೆ ತಟ್.

ಶ್ರೀರಂಜನಿ ಅಲ್ಲೇ ಕೂತಳು, ಎರಡು ನಿಮಿಷದ ಬದಲು ಅರ್ಧ ಗಂಟೆ. ನಂತರ ನೀಲಾಳ ಕೈ ಹಿಡಿದು ಹೇಳಿದಳು: "ನಿನ್ನ ಅಣ್ಣನ ಜೋಡಿ ಹೊರಗ ಮಾತಾಡೋದದ. ಹದಿನೈದು ನಿಮಿಷ. ಬರ್ತೇನಿ." ಅಷ್ಟು ದೊಡ್ಡ ಹೊತ್ತನ್ನು ಅವರು ಎಂದೂ ಪ್ರಯತ್ನಿಸಿರಲಿಲ್ಲ.

ಹೊರಗೆ ಗೋಡೆಗೊರಗಿ ಇಬ್ಬರೂ ನಿಂತರು.

"ಯಾಕ ಹೇಳಲಿಲ್ಲ?" ಎಂದ ಅವನು.

"ಹೇಳಿದ್ರ ನೀವು ಬ್ಯಾಡ ಅಂತೀರೋ, ಹೋಗ್ರಿ ಅಂತೀರೋ… ಎರಡಕ್ಕೂ ಹೆದರಿದೆ. ನಿಮ್ಮ ಬಾಯಿಂದ ಹೋಗ್ರಿ ಅನ್ನೋದು ಕೇಳೂ ಧೈರ್ಯ ಇರಲಿಲ್ಲ ನನಗ."

"ನಾ ಹತ್ತನೇ ಕ್ಲಾಸ್ ತನಕ ಓದೇನಿ, ಮೇಡಮ್ಮಾರ. ನಿಮ್ಮಂಥಾರನ್ನ ಕೇಳೂ ಮನಿತನ ಅಲ್ಲ ನಮ್ದು. ತಂಗಿ ಕಡೀತನಾ ನನ್ನ ಕೂಡೇ ಇರ್ತಾಳ. ಅದಕ್ಕ ಬಾಯಿ ಬಿಡಲಿಲ್ಲ."

"ಆಕಿ ಇರದಿದ್ರ ನಾ ಈ ಗುಡ್ಡ ಯಾಕ ಹತ್ತತಿದ್ದೆ?" ಅವಳು ಅವನ ಕಡೆ ತಿರುಗಿದಳು. "ಮುಂದಿನ ಭಾನುವಾರ ಮತ್ತ ಧಾರವಾಡಕ್ಕ ಹೊಂಟೇನಿ. ಈ ಸಲ ಹೇಳೇ ಹೋಗ್ತೇನಿ. ನಿಮ್ಮನ್ನ ಮದಿವಿ ಆಗ್ತೇನಂತ ಅಪ್ಪಾಗ ಹೇಳಲಿಕ್ಕೆ. ಏನಂತೀರಿ?"

ಅವನು ಅವಳ ಕೈ ಹಿಡಿದ. ಗ್ರೀಸು ಪೂರ್ತಿ ಹೋಗದ ಆ ಬೆರಳುಗಳನ್ನು ಅವಳು ಬಿಡಲಿಲ್ಲ. ಅಳುತ್ತಿದ್ದವರು ಯಾರು, ಸಮಾಧಾನ ಮಾಡುತ್ತಿದ್ದವರು ಯಾರು ಎಂದು ಗಂಗಪ್ಪನಿಗೆ ಕಟ್ಟೆಯಿಂದ ತಿಳಿಯಲಿಲ್ಲ. ಅವನು ಸಭ್ಯತೆಯಿಂದ ಬೇರೆ ಕಡೆ ನೋಡಿದ.

ಬಾಗಿಲು ತೆರೆಯಿತು. ಭಾಗವ್ವ ನಿಂತಿದ್ದಳು.

"ಹದಿನೈದು ನಿಮಿಷ ಅಂದಿದ್ರಿ, ಅರ್ಧಾ ತಾಸಾತು."

ಶ್ರೀರಂಜನಿ ಬಾಗಿಲತ್ತ ಧಾವಿಸಿದಳು. "ಅಯ್ಯೋ… ನೀಲಾ? ಎಷ್ಟು ಹೊಡಕೊಂಡ್ಳು?"

"ಒಂದೂ ಇಲ್ಲವ್ವ." ಭಾಗವ್ವ ಬಾಗಿಲನ್ನು ಪೂರ್ತಿ ತೆರೆದು ತೋರಿಸಿದಳು. "ಬಾಗಲಾ ನೋಡಿಕೋತ ಕುಂತಾಳ, ಕೈ ತೊಡಿಮ್ಯಾಲಿಟ್ಟು. ನೀವು ಬರ್ತೀರಿ ಅಂತ ಗೊತ್ತೈತಿ ಆಕಿಗೆ."

ಶ್ರೀರಂಜನಿ ಕಣ್ಣೊರೆಸಿಕೊಂಡು ಹೊಸ್ತಿಲು ದಾಟಿದಳು. ಶಂಕರಲಿಂಗ ಇನ್ನೂ ಅಲ್ಲೇ ನಿಂತಿದ್ದ.

"ಧಾರವಾಡಕ್ಕ ಒಬ್ಬಾಕಿನ ಹೊಂಟೀಯೇನು?" ಎಂದ. ಆ 'ರಿ' ಎಲ್ಲಿ ಉದುರಿತೋ ಅವನಿಗೇ ತಿಳಿಯಲಿಲ್ಲ.

"ಯಾರರ ಬರ್ತೇನಂದ್ರ ಬ್ಯಾಡ ಅನ್ನಂಗಿಲ್ಲ."

"ನೀಲಾನ್ನ ಹಿಡದು ಮೂವರದೂ ಟಿಕೀಟ್ ತಗಸ್ತೇನಿ. ಅವ್ವಗೂ ಸೇರಿಸಿ ನಾಲ್ಕು."

"ನಮ್ಮವ್ವ ತಲಿ ಮ್ಯಾಲೆ ಕೈ ಹೊತಗೊಂಡು ಕುಂತಾಳ."

"ಕುಂಡರ್ಲಿ. ನಾವೂ ಅವರ ಮುಂದ ಕುಂಡ್ರೂಣು, ಎಷ್ಟು ಹೊತ್ತಾದರೂ."