ಒಂದು ದಿನ ಹಿಂದಿದ್ದ ಫೋನು

"ನಿಮ್ಮ ಸರ್ವರ್ ಬಿದ್ರ ಎಲ್ಲಾರೂ ಬೀಳ್ತಾರ್ರಿ!"

ಹೈದರಾಬಾದಿನ ಆಫೀಸಿನಲ್ಲಿ ಮೊದಲ ದಿನವೇ ವೈಭವ ಎಲ್ಲರೆದುರು ಹಾಗಂದಾಗ ನಿರೀಕ್ಷಾಳ ಮುಖ ಕೆಂಪಾಗಿತ್ತು. ಎಂಥಾ ಸೊಕ್ಕು!

ಹಳ್ಳಿಯ ಆಶಾ ಕಾರ್ಯಕರ್ತೆಯರಿಗೆ ಆ್ಯಪ್ ಮಾಡಬೇಕಿತ್ತು. ಎಲ್ಲ ಮಾಹಿತಿ ಒಂದೇ ಸರ್ವರ್‌ನಲ್ಲಿರಲಿ ಎಂಬುದು ಕಲಬುರಗಿಯ ಈ ಹುಡುಗಿಯ ಹಟ. ಪ್ರತಿ ಫೋನಿನಲ್ಲೂ ಒಂದು ಪ್ರತಿ ಇರಲಿ, ನೆಟ್‌ವರ್ಕ್ ಸಿಕ್ಕಾಗ ಕೂಡಿಕೊಳ್ಳಲಿ ಎಂಬುದು ರಾಯಚೂರಿನ ಅವನ ವಾದ. ಎರಡನ್ನೂ ಮಾಡಿ ಹೋಲಿಸಿ ನೋಡಿ ಎಂದರು ಮ್ಯಾನೇಜರ್. ಹೋಲಿಸುತ್ತ ಹೋಲಿಸುತ್ತ ಜಗಳ ಹೋಗಿ ಒಲವು ಬಂತು. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ!

ಅವನ ಮಾದರಿಯ ಪರೀಕ್ಷೆಗೆಂದು ಇಬ್ಬರ ಫೋನಿನಲ್ಲೂ ಒಂದೇ ಪುಟವಿತ್ತು. ಇಬ್ಬರೂ ಬರೆದರೆ, ಫೋನಿನ ತಾರೀಖಿನ ಪ್ರಕಾರ ಆಮೇಲೆ ಬರೆದದ್ದೇ ಉಳಿಯುತ್ತದೆ. ಮೊದಲಿನದು ಅಳಿಸಿಹೋಗುತ್ತದೆ. ಅಷ್ಟೇ ನಿಯಮ.

ಆ್ಯಪ್ ಪರೀಕ್ಷಿಸಲೆಂದು ಅವನು ಮೆಹದಿಪಟ್ಟಣಂ ನಿಲ್ದಾಣದಲ್ಲಿ ಹಳ್ಳಿಯ ಬಸ್ಸು ಹತ್ತಿದ ದಿನ ಅವಳು ಅದೇ ಪುಟದಲ್ಲಿ ಬರೆದಳು: 'ಅಪ್ಪಾರು ಗಂಡು ನೋಡ್ಯಾರ. ಬ್ಯಾಡ ಅನ್ನಲೇನ್ರಿ?'

ನಾಲ್ಕು ದಿನದ ಮೇಲೆ ಅವನು ಬಂದ. ಪುಟದಲ್ಲಿ ಅವಳ ಪ್ರಶ್ನೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವನು ತಲೆ ಎತ್ತಿಯೂ ನೋಡಲಿಲ್ಲ.

'ಓದ್ಯಾನ... ಓದಿನೂ ಸುಮ್ಮನಾಗ್ಯಾನ!'

ಮೌನಂ ಸಮ್ಮತಿ ಲಕ್ಷಣಂ ಅಂದ ಪುಣ್ಯಾತ್ಮರು ಇವಳನ್ನು ನೋಡಬೇಕಿತ್ತು! ನಾರಾಯಣಗೂಡದ ಹಾಸ್ಟೆಲ್ಲಿನಲ್ಲಿ ಊಟ ಬಿಟ್ಟಳು, ಮಾತು ಬಿಟ್ಟಳು. ಕೊನೆಗೆ ಫೋನಿನಲ್ಲಿ ಅಪ್ಪ ವೀರಭದ್ರಪ್ಪನವರಿಗೆ, "ನಾಳಿ ಸಂಜಿಗೆ ಹೇಳ್ತೀನಪ್ಪಾ" ಅಂದಳು. ಹೂಂ ಅನ್ನುವುದೆಂದು ಮನಸ್ಸು ಕಲ್ಲು ಮಾಡಿಕೊಂಡಿದ್ದಳು.

ಮರುದಿನ ಹೋಲಿಕೆಯ ವರದಿಗೆಂದು, ಆ್ಯಪ್ ಬೇರೆಯಾಗಿ ಉಳಿಸಿಡುವ, ಅಳಿಸಿಹೋದ ಬರಹಗಳ ಪಟ್ಟಿ ತೆಗೆದಳು.

ವೈಭವನ ಫೋನಿನಿಂದ... 'ಬ್ಯಾಡ ಅನ್ರಿ. ನಾನ ಬಂದು ನಿಮ್ಮಪ್ಪಾರನ್ನ ಕೇಳ್ತೀನಿ.'

ತಾರೀಖು? ಅವಳ ಪ್ರಶ್ನೆಗಿಂತ ಒಂದು ದಿನ ಹಿಂದಿನದು! ಪರೀಕ್ಷೆಗೆಂದು ಫೋನಿನ ತಾರೀಖು ಹಿಂದಕ್ಕೆ ಇಟ್ಟ ಮಹಾಶಯ, ಸರಿಮಾಡುವುದನ್ನೇ ಮರೆತಿದ್ದ. ಅವನ ಉತ್ತರ ಹಳೆಯದೆಂದು ಅಳಿಸಿಹೋಗಿತ್ತು.

ಲ್ಯಾಪ್‌ಟಾಪನ್ನು ಅವನತ್ತ ತಿರುಗಿಸಿದಳು. ಕಣ್ಣೀರು ನಿಲ್ಲಲೇ ಇಲ್ಲ.

"ಇದನ್ನ ಬಾಯಿಬಿಟ್ಟು ಯಾಕ ಹೇಳ್ಲಿಲ್ರಿ?"

"ನೀವ ಓದಿ ಅಳಿಸೀರಿ ಅನ್ಕೊಂಡ್ನಿ..." ಅವನು ಕುರ್ಚಿ ಹತ್ತಿರ ಎಳೆದುಕೊಂಡ. "ಮತ್ತ ಯಾವ ಮಾರಿ ಇಟ್ಕೊಂಡು ಕೇಳ್ಲಿ?"

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಅಪ್ಪ!

"ಕೊಡ್ರಿ ಇಲ್ಲೆ. ನಾ ಮಾತಾಡ್ತೀನಿ."

"ತಡೀರಿ..." ಅವಳು ಫೋನನ್ನು ಎದೆಗೊತ್ತಿಕೊಂಡಳು. "ಮೊದಲ ನನಗ ಹೇಳ್ರಿ."

"ನೀವಿಲ್ದ ನನಗ ಆಗಂಗಿಲ್ಲ, ನಿರೀಕ್ಷಾ."

"ಹ್ಞಾಂ... ಈಗ ಅಪ್ಪಗ ಹೇಳ್ರಿ."