ಹ್ಯಾಟಿನ ಅಂಚಿನ ಬೂಟಿನ ಅಚ್ಚು

ರೋಹನನಿಗೆ ನಾನು ಹೊಡೆದದ್ದು ಬಟ್ಟೆ ತಿಕ್ಕುವ ಬ್ರಷ್ಷಿನಿಂದ. ಕೈಗೆ ಕುಡುಗೋಲು ಸಿಕ್ಕಿದ್ದರೆ ಅದರಿಂದಲೇ ಹೊಡೆಯುತ್ತಿದ್ದೆನೋ ಏನೋ, ಅಷ್ಟು ಸಿಟ್ಟು ಬಂದಿತ್ತು.

ಬೆಳಿಗ್ಗೆ ಎಂಟು ಗಂಟೆಗೆ, ಬೇಡಕಿಹಾಳದ ನಮ್ಮ ಮನೆಯ ಹಿತ್ತಲಲ್ಲಿ ಅವನು ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದ. ಚೀಲದಲ್ಲಿ ನನ್ನ ಅಜ್ಜನ ಫೆಲ್ಟ್ ಹ್ಯಾಟು. ಮೊದಲ ಏಟು ಅವನ ಕಿವಿಯ ಹಿಂದೆ ಬಿತ್ತು, ಎರಡನೆಯದು ಭುಜಕ್ಕೆ. ಅವನು ಕೈ ಅಡ್ಡ ತರಲಿಲ್ಲ.

"ಇನ್ನೊಂದ ಹೊಡಿ ನೀಲೂ," ಅಂದ. "ಆಮ್ಯಾಲೆ ಇದನ್ನ ತಗೋ."

"ನಿಮ್ಮ ಓಣಿ ಮಂದಿ ನನ್ನ ತಮ್ಮನ ತಲಿ ಒಡದಾರ. ನೀ ಚೀಲ ಹಿಡಕೊಂಡ ಬಂದಿಯೇನ?"

ಬಾಬಾಸಾಹೇಬರ ಫೋಟೋದಲ್ಲಿ ಇರುವಂಥದ್ದೇ ಬೇಕೆಂದು ಅಜ್ಜ ಧೂಳಪ್ಪ ಕೊಲ್ಹಾಪುರದಿಂದ ತಂದ ಬೂದು ಹ್ಯಾಟು ಅದು. ವರ್ಷಕ್ಕೆ ಒಂದೇ ದಿನ, ಅವರ ಜಯಂತಿಗೆ, ಮೊಳೆಯಿಂದ ಇಳಿಯುತ್ತಿತ್ತು. ಈ ಸಲ ತಮ್ಮ ಕುನಾಲ ಹಾಕಿಕೊಂಡಿದ್ದ. ಹಿಂದಿನ ದಿನ ಮೆರವಣಿಗೆ ಕಬ್ಬಿನ ಜಮೀನಿನವರ ಓಣಿ ದಾಟುವಾಗ ಯಾರೋ ಹಿಂದಿನಿಂದ ಬಂದು ಅವನ ತಲೆಗೆ ರಾಡಿನಿಂದ ಹೊಡೆದರು. ಬಿದ್ದ ಹ್ಯಾಟನ್ನು ಮಣ್ಣಿನಲ್ಲಿ ತುಳಿದರು. ಗದ್ದಲದಲ್ಲಿ ಅದು ಅಲ್ಲೇ ಉಳಿದುಬಿಟ್ಟಿತ್ತು. ನಿಪ್ಪಾಣಿ ಆಸ್ಪತ್ರೆಯಲ್ಲಿ ಒಂಬತ್ತು ಹೊಲಿಗೆ ಬಿದ್ದವು. ಹೊಡೆದವನ ಮುಖವನ್ನು ಕುನಾಲ ನೋಡಿರಲಿಲ್ಲ. ಓಣಿಯಲ್ಲಿದ್ದ ಇನ್ನೂರು ಮಂದಿಗೂ ಏನೂ ಕಾಣಲಿಲ್ಲವಂತೆ. ಒಬ್ಬ ಸಾಕ್ಷಿಯಾದರೂ ಸಿಗದಿದ್ದರೆ ಕೇಸು ಅಲ್ಲಿಗೇ ಮುಗಿದಂತೆ.

ರೋಹನನ ಮನೆ ಇರುವುದು ಅದೇ ಓಣಿಯಲ್ಲಿ.

ಎರಡು ವರ್ಷದಿಂದ ನಾವಿಬ್ಬರೂ ಒಂದೇ ಬಸ್ಸಿಗೆ ಚಿಕ್ಕೋಡಿಗೆ ಹೋಗುತ್ತೇವೆ. ನಾನು ಬ್ಯಾಂಕಿಗೆ, ಅವನು ಕಾಲೇಜಿನಲ್ಲಿ ಪಾಠ ಹೇಳಲಿಕ್ಕೆ. ನೇರ ನೋಡುವ ಧೈರ್ಯ ಸಾಲದೆ ಕಿಟಕಿಯ ಗಾಜಿನಲ್ಲಿ ನನ್ನನ್ನು ನೋಡುವ ಗಂಡಸು ಅವನು. ಒಂದು ದಿನ ನಾನು ಆ ಗಾಜಿಗೇ ನಾಲಿಗೆ ಚಾಚಿದೆ. ನಿಪ್ಪಾಣಿ ರಸ್ತೆ ಮುಗಿಯುವವರೆಗೂ ಅವನ ಕಿವಿಗಳು ಕೆಂಪಾಗಿಯೇ ಇದ್ದವು. ಅವತ್ತೇ ನನಗೆ ಅವನು ಇಷ್ಟವಾದ. ಅದನ್ನು ಬಾಯಿಬಿಟ್ಟು ಹೇಳುವ ಕೆಲಸ ಇಬ್ಬರೂ ಮಾಡಿರಲಿಲ್ಲ.

"ನಿನ್ನೆ ಎಲ್ಲಿದ್ದಿ?" ಕೇಳಿದೆ.

"ಅಲ್ಲೇ ಇದ್ದೆ."

"ಏನ ಮಾಡಾಕತ್ತಿದ್ದಿ?"

"ನಿಂತಿದ್ದೆ."

ಸುಳ್ಳು ಹೇಳಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಮೂರನೆಯ ಏಟು ಹಾಕಿದೆ.

ಅಷ್ಟರಲ್ಲಿ ಆಯಿ ಹೊರಗೆ ಬಂದಳು. ಸುಂದ್ರವ್ವ, ಧೂಳಪ್ಪನ ಹೆಂಡತಿ, ಆ ಹ್ಯಾಟನ್ನು ನಲವತ್ತು ವರ್ಷ ಜೋಪಾನ ಮಾಡಿದವಳು. "ಸಂಜಿಗೆ ಹುಡುಗ ದವಾಖಾನಿಯಿಂದ ಬರ್ತಾನ," ಅಂದಳು. "ಟೊಪ್ಪಿಗಿ ಹಿಂಗ ಅವನ ಕಣ್ಣಿಗೆ ಬೀಳಬಾರದು. ಇವನ ಕೈಲೇ ಸ್ವಚ್ಛ ಮಾಡಸು. ಆ ಬ್ರಷ್ ಬ್ಯಾಡ, ಅದು ಬಿರಸೈತಿ, ಮನಷ್ಯಾರಿಗಷ್ಟ ಸಾಕು. ಮೆತ್ತಂದು ತಾ."

ರೋಹನ ಕಟ್ಟೆಯ ಮೇಲೆ ಕೂತ. ನಾನು ಹಿತ್ತಲ ಒಲೆಯ ಮೇಲೆ ಕಿಟ್ಲಿ ಇಟ್ಟೆ. ಹ್ಯಾಟಿನ ತಗ್ಗು ಎಬ್ಬಿಸಲಿಕ್ಕೆ ಕೊನೆಗೆ ಉಗಿ ಬೇಕು. ಆಯಿ ಗೋಡೆಗೆ ಒರಗಿ ಒಂದೊಂದೇ ಹೇಳುತ್ತಿದ್ದಳು. ನೆತ್ತಿ ಹಿಡಿಯಬಾರದು, ಅಂಚು ಹಿಡಿಯಬೇಕು. ಧೂಳನ್ನು ಒಣಗಿದ್ದಾಗಲೇ ತೆಗೆಯಬೇಕು. ಒಳಪಟ್ಟಿಯ ಬೆವರಿನ ಜಿಡ್ಡಿಗೆ ಜೋಳದ ಹಿಟ್ಟು ಉದುರಿಸಿ ಬಿಡಬೇಕು. ರಕ್ತಕ್ಕೆ ತಣ್ಣೀರಿನ ಬಟ್ಟೆ ಒತ್ತಬೇಕು, ಬಿಸಿನೀರು ತಾಗಿದರೆ ಕಲೆ ಕೂತೇಬಿಡುತ್ತದೆ.

ರೋಹನ ಬ್ರಷ್ಷನ್ನು ಹಿಂದಕ್ಕೂ ಮುಂದಕ್ಕೂ ಎಳೆದ. ಅವನ ಮಣಿಕಟ್ಟಿಗೆ ಫಟ್ಟನೆ ಬಾರಿಸಿದೆ.

"ಒಂದ ದಿಕ್ಕಿಗೆ. ಉಣ್ಣಿ ಎಳಿ ಮಲಗಿದ ಕಡೆ. ಕಾಲೇಜಿನಾಗ ಏನ ಕಲಸ್ತಿ ನೀ?"

"ಇತಿಹಾಸ."

"ನೆಟ್ಟಗಾತು."

ಅದೇ ಮಣಿಕಟ್ಟು ಹಿಡಿದು ದಿಕ್ಕು ತೋರಿಸಿದೆ. ಅವನ ಕಣ್ಣು ನನ್ನ ಬೆರಳ ಮೇಲಿಂದ ಬಳೆಗೆ, ಬಳೆಯಿಂದ ಮುಖಕ್ಕೆ ಬಂದಿತು. ಇಷ್ಟು ಹತ್ತಿರ ನಾವು ಬಸ್ಸಿನ ಗದ್ದಲದಲ್ಲೂ ಕೂತಿರಲಿಲ್ಲ. ತಮ್ಮನ ರಕ್ತ ಎದುರಿಗೆ ಇರುವಾಗ ನನ್ನ ಎದೆ ಹೀಗೆ ಹೊಡೆದುಕೊಳ್ಳುತ್ತದಲ್ಲ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು.

"ನನ್ನೇನ ನೋಡ್ತಿ? ಹ್ಯಾಟ ನೋಡು."

"ಅದನ್ನ ನೋಡಿದ್ರ ನಿನ್ನೆ ನಡದದ್ದು ಕಣ್ಣ ಮುಂದ ಬರತೈತಿ."

"ಬರ್ಲಿ."

ನೆತ್ತಿ ಸ್ವಚ್ಛವಾಯಿತು. ರಕ್ತ ಒತ್ತಿ ಒತ್ತಿ ತೆಳ್ಳಗಾಯಿತು. ಅಂಚಿನ ಮೇಲೆ ಕರಿಮಣ್ಣಿನ ಒಂದು ಬೂಟಿನ ಅಚ್ಚು ಮಾತ್ರ ಉಳಿದಿತ್ತು, ಗೆರೆಗೆರೆಯಾಗಿ.

"ಅದನ್ನೂ ತಗದಬಿಡು," ಅಂದಳು ಆಯಿ.

ರೋಹನ ಬ್ರಷ್ಷನ್ನು ಅಲ್ಲಿಯವರೆಗೆ ಒಯ್ದ. ಎರಡು ಸಲ ಎಳೆದಿದ್ದರೆ ಮುಗಿಯುತ್ತಿತ್ತು. ಅವನು ಬ್ರಷ್ಷನ್ನು ಕೆಳಗಿಟ್ಟ.

"ಇದು ಇರ್ಲಿರಿ ಆಯಿ. ಇದು ನಮ್ಮಣ್ಣ ಜಕ್ಕಪ್ಪನ ಬೂಟು. ರಾಡ್ ಹಿಡದಾಂವನೂ ಅವನ."

ಆಯಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ಇದನ್ನ ಠಾಣಾದಾಗ ಹೇಳ್ತಿಯೇನ?" ನಾನು ಕೇಳಿದೆ.

"ಅಪ್ಪ ಸತ್ತ ಮ್ಯಾಲೆ ನನ್ನನ್ನ ಹೆಗಲ ಮ್ಯಾಲೆ ಹೊತ್ತು ಬೆಳಸ್ಯಾನ ಅವ."

"ನನ್ನ ತಮ್ಮನ್ನ ನಾನೂ ಹೊತ್ತೇನಿ. ಹೇಳಾಕ ಆಗದಿದ್ರ ಬ್ರಷ್ ಇಟ್ಟು ನಡಿ. ಇನ್ನ ಮುಂದ ನೀ ಬರೂ ಬಸ್ಸಿಗೆ ನಾ ಬರೂದಿಲ್ಲ."

ಅವನು ಉತ್ತರ ಕೊಡುವ ಮೊದಲೇ ಹಿತ್ತಲ ಬಾಗಿಲು ಒದೆತಕ್ಕೆ ತೆರೆದುಕೊಂಡಿತು. ಜಕ್ಕಪ್ಪ. ಯಾರೋ ರೋಹನನ ಬೈಕು ನೋಡಿ ಸುದ್ದಿ ಮುಟ್ಟಿಸಿರಬೇಕು.

"ಟೊಪ್ಪಿಗಿ ಇತ್ತ ಕೊಡು," ಅಂದ. "ಇದನ್ನ ಹಾಕ್ಕೊಂಡು ನಮ್ಮ ಮನಿ ಮುಂದ ಹಾಯಾಕ ಎಷ್ಟ ಸೊಕ್ಕ ಬೇ ನಿಮಗ."

ರೋಹನ ನಡುವೆ ನಿಂತ. ಜಕ್ಕಪ್ಪನ ಮುಷ್ಟಿ ಅವನ ಬಾಯಿಗೆ ಬಿತ್ತು. ತಲೆ ಗೋಡೆಗೆ ಬಡಿಯಿತು. ಬಿದ್ದವನ ಪಕ್ಕೆಗೆ ಬೂಟುಗಾಲಿನಿಂದ ಒಂದು, ಇನ್ನೊಂದು. ರೋಹನ ಹ್ಯಾಟನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು ಬಾಗಿಬಿಟ್ಟ. ಜಕ್ಕಪ್ಪ ಅದನ್ನು ಎಳೆಯಲು ಕೈ ಚಾಚಿದ.

ನಾನು ಒಲೆಯ ಮೇಲಿನ ಕಿಟ್ಲಿ ಎತ್ತಿ ಆ ಕೈಯ ಮೇಲೆ ಸುರಿದೆ.

ಅವನ ಕೂಗು ಮೂರು ಓಣಿಗೆ ಕೇಳಿರಬೇಕು. "ಇನ್ನ ಅರ್ಧ ಉಳದೈತಿ," ಅಂದೆ. "ಮುಂದ ಬಾ."

ಅವನು ಬರಲಿಲ್ಲ. ಸುಟ್ಟ ಕೈ ಎದೆಗೆ ಒತ್ತಿಕೊಂಡು ತಮ್ಮನನ್ನು ನೋಡಿದ. "ರೋಹ್ಯಾ, ಏಳು. ಮನಿಗೆ ನಡಿ."

ರೋಹನ ಗೋಡೆ ಹಿಡಿದು ಎದ್ದ. "ನಾ ಠಾಣಾಕ್ಕ ಹೊಂಟೇನಿ ಅಣ್ಣಾ."

"ಹೋದ್ರ ಮನಿ ಹೊಸ್ತಿಲ ತುಳಿಬ್ಯಾಡ. ಅವ್ವ ಸತ್ರೂ ಬರಬ್ಯಾಡ."

"ಆತು," ಅಂದ ರೋಹನ. ಆ ಮಾತನ್ನು ಅವನು ಅಣ್ಣನ ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದ. ಜಕ್ಕಪ್ಪ ಹೋದ ಮೇಲೆ ಕುಸಿದು ಕೂತು ಅತ್ತ.

ತಣ್ಣೀರಿನ ಬಟ್ಟೆಯಿಂದ ಅವನ ತುಟಿ ಒರೆಸಿದೆ. ಅವನಿಗೆ ಹೊಡೆದ ಮೂರು ಏಟೂ ನನ್ನ ಮೈಗೇ ಬಿದ್ದಂತೆ ನೋಯುತ್ತಿದ್ದವು.

"ಒಂದ ದಿಕ್ಕಿಗೆ ಒರಸು," ಅಂದ, ಊದಿದ ಬಾಯಲ್ಲೇ.

"ಸುಮ್ಮನ ಕೂಡು ಮಾರಾಯಾ," ಅಂದೆ. ನಗುವೂ ಅಳುವೂ ಒಟ್ಟಿಗೇ ಬಂದವು. ಆಯಿ ಕಂಡೂ ಕಾಣದಂತೆ ಒಳಗೆ ಹೋದಳು.

ಅಚ್ಚು ಅಳಿಯದಂತೆ ಹ್ಯಾಟನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಠಾಣೆಗೆ ಹೋದೆವು. ಬರೆದುಕೊಳ್ಳುವ ಪೊಲೀಸರು ರೋಹನನ ಮುಖ ನೋಡಿಯೇ ಕುರ್ಚಿ ಎಳೆದುಕೊಟ್ಟರು.

"ನಿನ್ನೆ ಮೆರವಣಿಗ್ಯಾಗ ಹೊಡದಾಂವ ಯಾರು?"

"ಜಕ್ಕಪ್ಪ."

"ನಿಮಗೇನಾಗಬೇಕು?"

"ಸ್ವಂತ ಅಣ್ಣರಿ."

ಪೆನ್ನು ನಿಂತಿತು. "ವಿಚಾರ ಮಾಡಿ ಹೇಳಾಕತ್ತೀರಿ?"

"ಹೌದ್ರಿ. ಬರಕೋರಿ."

ಅವರು ಬರೆದರು. "ನಿಮ್ಮ ಈಗಿನ ವಿಳಾಸ ಹೇಳ್ರಿ."

ರೋಹನ ಬಾಯಿ ತೆರೆದ. ಅಲ್ಲಿಯವರೆಗೆ ಒಂದು ಸಲವೂ ತಡವರಿಸದವನು ಮೇಜಿನ ಮರವನ್ನು ನೋಡುತ್ತ ಕೂತುಬಿಟ್ಟ.

"ಸುಂದ್ರವ್ವ ಧೂಳಪ್ಪ ಅವರ ಮನಿ, ಬೇಡಕಿಹಾಳ," ಅಂದೆ ನಾನು.

ಪೊಲೀಸರು ತಲೆ ಎತ್ತಿ ನನ್ನನ್ನು ನೋಡಿದರು. "ನೀವು ಇವರಿಗೆ ಏನಾಗಬೇಕು?"

"ಇನ್ನೂ ಏನೂ ಆಗಿಲ್ರಿ," ಅಂದೆ. "ಹೆಂಡ್ತಿ ಆಗಾಕಿ."

ಅವರು ಅದನ್ನೂ ಬರೆದುಕೊಂಡರು.