ಐದನೆಯ ವಾಕ್ಯ

"ನಾಲ್ಕೇ ಇದೆಯಲ್ಲ? ಐದು ಬರೀರಿ ಅಂದಿದ್ದೆ," ಎಂದು ಆದಿನಾರಾಯಣ ಮೇಷ್ಟ್ರು ಕಾಪಿ ಪುಸ್ತಕದಿಂದ ತಲೆಯೆತ್ತಿದರು.

ಅನುಸೂಯ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಮೇಷ್ಟ್ರು ತನ್ನತ್ತ ನೋಡಿದರೆ ಅವಳು ಬೀದಿ ನೋಡುವಳು. ಅವರು ಪುಸ್ತಕ ನೋಡಿದ ಕೂಡಲೇ ಅವರನ್ನು ನೋಡುವಳು. ಆರು ತಿಂಗಳಿಂದ ಇದೇ ಆಟ.

ದೊಡ್ಡಬಳ್ಳಾಪುರದ ಆ ನೇಕಾರರ ಬೀದಿಯಲ್ಲಿ ಇಂಗ್ಲಿಷ್ ಕಲಿಯಲು ಹೊರಟ ಹುಡುಗಿ ಅವಳೊಬ್ಬಳೇ. ಪರೀಕ್ಷೆ ಪಾಸು ಮಾಡಿ ಟೀಚರ್ ಟ್ರೈನಿಂಗ್ ಸೇರಬೇಕೆಂಬ ಹಠ. ಎದುರು ಮನೆಯ ಬಾಡಿಗೆ ಕೋಣೆಯಲ್ಲಿದ್ದ ಮೇಷ್ಟ್ರು ಸಂಜೆ ಬಂದು ಪಾಠ ಹೇಳುತ್ತಿದ್ದರು. ಒಳಗೆ ಮಗ್ಗದ ಗುಂಡಿಯಲ್ಲಿ ಕೂತ ಅಪ್ಪ ಮುನಿಶಾಮಪ್ಪನ ಕಿವಿ ಮಾತ್ರ ಜಗಲಿಯ ಮೇಲೇ ಇರುತ್ತಿತ್ತು.

ಅಂದಿನ ಪಾಠ 'ಲೆಂಡ್ ಎ ಹ್ಯಾಂಡ್'. ಹಾಗೆಂದರೆ ನೆರವಾಗುವುದು. ಅವಳು ಬರೆದದ್ದನ್ನು ಮೇಷ್ಟ್ರು ಕನ್ನಡಕ್ಕಿಳಿಸಿ ಓದಿದರು.

"ನಾನು ಅಪ್ಪನಿಗೆ ನೆರವಾಗುತ್ತೇನೆ. ತಂಗಿಗೆ ನೆರವಾಗುತ್ತೇನೆ. ಪಕ್ಕದ ಮನೆಯ ಪಿಳ್ಳಮ್ಮಜ್ಜಿಗೆ ನೆರವಾಗುತ್ತೇನೆ. ಹಸುವಿಗೆ... ಹಸೂಗೂನಾ?"

"ಕರು ಹಾಕ್ವಾಗ ಮೇಷ್ಟ್ರೇ!"

ಅವರು ನಕ್ಕರು. ಆ ನಗು ಕೇಳಿದರೆ ಅವಳಿಗೆ ಕಲಿತ ಸ್ಪೆಲ್ಲಿಂಗ್ ಎಲ್ಲ ಮರೆತುಹೋಗುತ್ತಿತ್ತು.

"ಎಲ್ಲದರಲ್ಲೂ ನೆರವಾಗೋರು ನೀವೇ," ಎಂದರು ಮೆಲ್ಲಗೆ. "ನಿಮಗೆ ಯಾರಾದ್ರೂ ನೆರವಾಗೋ ಹಾಗೆ ಒಂದು ಬರೀಬಾರದಾ?"

ಗಾಬರಿಯಲ್ಲಿ ಅನುಸೂಯಳ ನಾಲಿಗೆ ಎಡವಟ್ಟು ಮಾಡಿತು. "ನಂಗ್ಯಾಕೆ? ಅವ್ವ ಹೋದಾಗ್ಲಿಂದ ಯಾರ ಹತ್ರಾನೂ ನೆರವು ಕೇಳ್ದೋಳಲ್ಲ ನಾನು. ನಂಗೆ ಯಾರೂ ಬೇಕಾಗಿಲ್ಲ."

ಮೇಷ್ಟ್ರ ಮುಖದಲ್ಲಿದ್ದ ನಗು ಆರಿತು. ಆಮೇಲೂ ಅವರು ಪಾಠಕ್ಕೆ ಬಂದರು, ಆದರೆ ಅವರ ನೋಟ ಪುಸ್ತಕ ಬಿಟ್ಟು ಕದಲಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಸುದ್ದಿ ಬಂತು: ತಾವೇ ಅರ್ಜಿ ಹಾಕಿ ನೆಲಮಂಗಲಕ್ಕೆ ವರ್ಗ ಮಾಡಿಸಿಕೊಂಡಿದ್ದಾರೆ, ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತಾರೆ.

ಎರಡು ದಿನ ಅನುಸೂಯ ಅನ್ನ ಕಲಸಿದಳೇ ಹೊರತು ಉಣ್ಣಲಿಲ್ಲ. ಅವರು ಬೇಕಿತ್ತು. ಅಷ್ಟು ಚಿಕ್ಕ ಮಾತು ಕನ್ನಡದಲ್ಲೂ ಹೇಳಲು ಬರಲಿಲ್ಲವಲ್ಲ ಎಂದು ತನ್ನನ್ನೇ ಶಪಿಸಿಕೊಂಡಳು.

ಸೋಮವಾರ ಮಂಜು ಇನ್ನೂ ಕರಗಿರಲಿಲ್ಲ. ಬೀದಿಯುದ್ದಕ್ಕೂ ಸೀರೆಯ ಹಾಸನ್ನು, ನೇಯುವ ಮುಂಚಿನ ಉದ್ದೆಳೆಗಳನ್ನು, ಚಾಚಿದ್ದರು. ಒಂದು ತುದಿಯ ಹಗ್ಗ ಅನುಸೂಯಳ ಕೈಯಲ್ಲಿತ್ತು, ಇನ್ನೊಂದನ್ನು ಗೂಟಕ್ಕೆ ಕಟ್ಟಿತ್ತು. ಗಂಜಿ ಹಚ್ಚಿದ ಸಾವಿರಾರು ಎಳೆಗಳ ಮೇಲೆ ಎಳೆಬಿಸಿಲು ನಿಧಾನವಾಗಿ ಹರಿದು ಬರುತ್ತಿತ್ತು. ನೂಲೋ ಬೆಳಕೋ ತಿಳಿಯದ ಹೊತ್ತು. ಆ ಬೀದಿಯಲ್ಲಿ ಒಂದು ಕಟ್ಟಳೆಯಿತ್ತು. ಹಾಸಿನ ತುದಿ ಹಿಡಿದವರು ನೂಲು ಒಣಗುವವರೆಗೆ ಬಿಟ್ಟು ಹೋಗುವಂತಿಲ್ಲ, ಮನೆಗೆ ನೆಂಟರು ಬಂದರೂ ಸರಿಯೇ.

ಟ್ರಂಕು ಹಿಡಿದು ಮೇಷ್ಟ್ರು ಹೊರಬಂದರು. ಅಡ್ಡರಸ್ತೆಯಲ್ಲಿ ಪೆಟ್ರೋಲಿನ ಬದಲು ಇದ್ದಿಲು ಗ್ಯಾಸಿನಿಂದ ಓಡುವ ಬಸ್ಸು ಕೆಮ್ಮುತ್ತಾ ನಿಂತಿತ್ತು.

"ಬರ್ತೀನಿ ಅನುಸೂಯಮ್ಮ. ಚೆನ್ನಾಗಿ ಓದಿ."

ಹತ್ತು ಹೆಜ್ಜೆ ಹೋದರು. ಇನ್ನು ಸುಮ್ಮನಿದ್ದರೆ ಮುಗಿದೇಹೋಯಿತು.

"ಮೇಷ್ಟ್ರೇ!" ಇಡೀ ಬೀದಿ ತಿರುಗಿ ನೋಡಿತು. "ಆ ತುದಿ ಹಿಡಿಯೋಕೆ ಜನ ಇಲ್ಲ. ಬರ್ತೀರಾ?"

ಮೇಷ್ಟ್ರು ಸುತ್ತ ನೋಡಿದರು. "ಇಷ್ಟು ಜನ ನಿಂತಿದಾರಲ್ಲ?"

"ನಾನು ನಿಮ್ಮನ್ನ ಕೇಳ್ತಿದೀನಿ."

"ನಾನೂ ನೇಕಾರರ ಮಗನೇ ಕಣ್ರೀ. ಹಾಸು ಹಿಡಿದ್ರೆ ಒಣಗೋವರೆಗೂ ಬಿಡೋ ಹಾಗಿಲ್ಲ. ಬಸ್ಸು ಹೋಗ್ಬಿಡುತ್ತೆ."

"ಹೋಗ್ಲಿ ಅಂತಲೇ ಕೇಳ್ತಿರೋದು." ಅವಳ ಕಣ್ಣು ತುಂಬಿ ಬಂತು. "ಅವತ್ತು ಸುಳ್ಳು ಹೇಳ್ದೆ. ನೀವು ಬೇಕು ನಂಗೆ."

ಮೇಷ್ಟ್ರು ಟ್ರಂಕನ್ನು ಜಗಲಿಗಿಟ್ಟು, ಕೋಟಿನ ತೋಳು ಮಡಚಿ, ಬಂದು ಆ ತುದಿಯ ಹಗ್ಗ ಹಿಡಿದರು. ಬಸ್ಸು ಎರಡು ಸಲ ಹಾರನ್ ಹೊಡೆದು ಹೊರಟುಹೋಯಿತು. ಅವರು ಅತ್ತ ನೋಡಲೂ ಇಲ್ಲ. ನಡುವಿನ ಎಳೆಗಳುದ್ದಕ್ಕೂ ಅವಳನ್ನೇ ನೋಡುತ್ತಿದ್ದರು. ಈ ಸಲ ಅವಳೂ ಬೀದಿಯತ್ತ ಮುಖ ತಿರುಗಿಸಲಿಲ್ಲ.

ಗಂಜಿಯ ಕುಂಚ ಹಿಡಿದಿದ್ದ ಮುನಿಶಾಮಪ್ಪ ಇಬ್ಬರನ್ನೂ ನೋಡಿ ಗಂಟಲು ಸರಿಮಾಡಿಕೊಂಡ. "ಬಿಗಿಯಾಗಿ ಹಿಡೀರಿ ಮೇಷ್ಟ್ರೇ. ಊಟ ಇಲ್ಲೇ. ನಿಮ್ಮಪ್ಪನೋರಿಗೆ ಕಾಗ್ದ ನಾನು ಬರೆಸ್ತೀನಿ."

"ನಾಳೆ ಹೋಗಿ ಡ್ಯೂಟಿಗೆ ಸೇರ್ಲೇಬೇಕು," ಎಂದರು ಮೇಷ್ಟ್ರು ಅವಳಿಗೆ. "ಭಾನುವಾರ ಭಾನುವಾರ ಬರ್ತೀನಿ."

"ನನ್ನ ಟ್ರೈನಿಂಗ್ ಮುಗಿಯೋವರೆಗೂ ಕಾಯ್ತೀರಾ?"

"ಬಸ್ಸು ಬಿಟ್ಟು ನಿಂತೋನು ಕಾಯಲ್ವಾ ಅನುಸೂಯ?"

ಹೆಸರಿನ ಕೊನೆಯಲ್ಲಿ 'ಅಮ್ಮ' ಇಲ್ಲದೆ ಅವರು ಕರೆದದ್ದು ಅದೇ ಮೊದಲು.